ಬಾಬಯ್ಯನ ಕೋಣೆಯ ಬೀಗದಕೈ

ಯಾರನ್ನೂ ನಂಬೋ ಬುದ್ಧಿ ನನಗೆ ಹುಟ್ಟಿನಿಂದಲೇ ಇಲ್ಲ. ಅದಕ್ಕೇ ಜೋಗುಪಾಳ್ಯದ ನಮ್ಮ ಗಲ್ಲಿಯ ಬಾಬಯ್ಯನ ಕೋಣೆಯ ಬೀಗದಕೈ ಅಮ್ಮನ ಸೊಂಟಕ್ಕೆ ಬಂದ ದಿನದಿಂದ ನನಗೆ ನೆಮ್ಮದಿ ಇರಲಿಲ್ಲ. ದೇಶ ಎರಡಾದ ಮಾರನೇ ವರ್ಷ ಅದು. ಕೋಣೆ ನೋಡಿಕೊಳ್ಳುತ್ತಿದ್ದವರು ಎದುರು ಮನೆಯ ಸಾಬರ ಮುದುಕಿ. ಅಮ್ಮ ಅವರನ್ನು ಅಕ್ಕ ಅನ್ನೋಳು, ನಾನು ದೊಡ್ಡಮ್ಮ. ಗಲಾಟೆಯ ಸುದ್ದಿಗೆ ಹೆದರಿ ಮಗಳ ಊರಿಗೆ ಹೊರಟಿದ್ದರು. "ಮೊಹರಂಗೆ ಬಂದ್ಬಿಡ್ತೀನಿ ತಂಗಿ. ಅಲ್ಲೀವರೆಗೂ ಬಾಗಿಲು ತೆಗೀಬೇಡ" ಅಂದರು. ಒಳಗಿನ ಪೆಟ್ಟಿಗೆಯಲ್ಲಿ ದೇವರು, ಅಂದರೆ ಬೆಳ್ಳಿಯ ಹಸ್ತಗಳು, ಇರುತ್ತಿದ್ದವು. ಮೊಹರಂನಲ್ಲಿ, ಅಂದರೆ ನಮ್ಮ ಬಾಬಯ್ಯನ ಹಬ್ಬದಲ್ಲಿ, ಅವನ್ನು ಹೊತ್ತು ಮೆರವಣಿಗೆ ಮಾಡೋರು. ನಾನು ಬದುಕಿ ಉಳಿಯಲಿ ಅಂತ ಅಮ್ಮ ಅಲ್ಲೇ ಹರಕೆ ಹೊತ್ತು, ವರ್ಷ ವರ್ಷ ದೇವರ ಮುಂದೆ ಸಕ್ಕರೆ ಇಟ್ಟು ಓದಿಸಿದವಳು. ಮಾತು ಕೊಟ್ಟುಬಿಟ್ಟಳು.

ಕೋಣೆಗೆ ಅಂಟಿಕೊಂಡೇ ಒಬ್ಬನ ಸೌದೆ ಡಿಪೋ. ಮೊದಲು ಗೋಡೆಗೆ ನಾಲ್ಕು ಕೊರಡು ಒರಗಿಸಿದ. ಆಮೇಲೆ ಜಗಲಿ ತುಂಬಾ ಒಟ್ಟಿದ. ಅಮ್ಮ ಕೇಳಿದರೆ, "ಅಯ್ಯೋ, ಬಾಬಯ್ಯ ಒಳಗೆ ಕೂತಿರೋವಾಗ ನಾನು ಹೊಸಿಲು ದಾಟ್ತೀನಾ ತಾಯಿ?" ಅಂತ ಕೆನ್ನೆ ಬಡಿದುಕೊಂಡ. ಆ ಕೆನ್ನೆಗೆ ನಾನೇ ಎರಡು ಬಾರಿಸಬೇಕು ಅನ್ನಿಸಿತು.

ಅವನಿಗಿಂತ ಹೆಚ್ಚು ಅನುಮಾನ ನಮ್ಮಣ್ಣನ ಮೇಲೆ. ದಿನಾ ಡಿಪೋದಲ್ಲಿ ಅವನ ಜೊತೆ ಬೀಡಿ ಸೇದುತ್ತಾ ಕೂರೋನು. ನಾನು ಹೋದರೆ ಇಬ್ಬರ ಮಾತೂ ನಿಂತುಹೋಗೋದು. ಒಂದು ಬೆಳಿಗ್ಗೆ ಅಮ್ಮ ಬೀಗದಕೈ ಗೂಡಿನಲ್ಲಿಟ್ಟು ಸ್ನಾನಕ್ಕೆ ಹೋಗಿದ್ದಳು. ಅಣ್ಣ ಗೂಡಿನ ಹತ್ತಿರವೇ ನಿಂತಿದ್ದ. ಅಷ್ಟು ಸಾಕಾಯಿತು ನನಗೆ. "ದೇವರು ಪೆಟ್ಟಿಗೇಲಿ ಇದೆಯೋ ಮಾರ್ಕೊಂಡಿದ್ದೀಯೋ, ಇಡೀ ಗಲ್ಲಿಗೆ ತೋರಿಸ್ತೀನಿ ಬಾ" ಅಂತ ಕೂಗಾಡುತ್ತಾ ಬೀಗದಕೈ ಎತ್ತಿಕೊಂಡು ಕೋಣೆಗೆ ಓಡಿದೆ. ಅಮ್ಮ ಒದ್ದೆ ಸೀರೆಯಲ್ಲಿ ಓಡಿ ಬರುವಷ್ಟರಲ್ಲಿ ಬೀಗ ತೆಗೆದೇಬಿಟ್ಟಿದ್ದೆ.

ಪೆಟ್ಟಿಗೆಯಲ್ಲಿ ಹಸಿರು ಬಟ್ಟೆಯೊಂದೇ ಇತ್ತು.

"ಕಳ್ಳ! ಮನೆಹಾಳ!" ಅಂದೆ. ಅಣ್ಣ ಅಮ್ಮನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ. ನಾನು ನಂಬಲಿಲ್ಲ. ಸೌದೆಯವನು ಮಾತ್ರ ಒಳಗೆ ಇಣುಕಿ ನೋಡಿ ಹೋದ. ತೆಗೆದ ಬೀಗ ಮತ್ತೆ ಯಾರೂ ಹಾಕಲಿಲ್ಲ, ವಾರದೊಳಗೆ ಕೋಣೆ ತುಂಬಾ ಅವನ ಸೌದೆ. "ದೇವರೇ ಇಲ್ಲದ ಮೇಲೆ ಅದು ಬರೀ ಕೋಣೆ ಅಲ್ವೇನ್ರೀ?" ಅಂದ.

ಮೊಹರಂಗೆ ಎರಡು ದಿನ ಇರುವಾಗ ದೊಡ್ಡಮ್ಮ ಬಂದರು. ಕಂಕುಳಲ್ಲಿ ಬಟ್ಟೆಯ ಗಂಟು, ಅದರ ತುದಿಯಲ್ಲಿ ಬೆಳ್ಳಿಯ ಬೆರಳುಗಳು. ಅಯ್ಯೋ ದೇವರೇ! ದೇವರನ್ನು ಅವರು ನಮ್ಮನ್ನು ನಂಬಿ ಬಿಟ್ಟುಹೋಗಿರಲೇ ಇಲ್ಲ. ಬಾಗಿಲಿಗೆ ಬೀಗ ಇದ್ದರೆ ಸಾಕು, ಜನಕ್ಕೆ ಭಯ ಇರುತ್ತೆ ಅಂದುಕೊಂಡಿದ್ದರು. ಅವರ ಲೆಕ್ಕ ಸರಿಯಾಗೇ ಇತ್ತು, ನಾನು ತೆಗೆಯುವವರೆಗೆ.

ಅವರು ಸೌದೆ ನೋಡಿ, "ಯಾರು ತೆಗೆದಿದ್ದು?" ಅಂದರು.

ಅಮ್ಮ ನನ್ನ ಕಡೆ ತಿರುಗಲಿಲ್ಲ. "ಗೊತ್ತಿಲ್ಲ ಅಕ್ಕ" ಅಂದಳು, ಸುಳ್ಳೇ ಆಡದವಳು. ದೊಡ್ಡಮ್ಮ ಅವಳ ಸೊಂಟದ ಬೀಗದಕೈ ನೋಡಿದರು. ಆಮೇಲೆ ಅಣ್ಣನನ್ನು ನೋಡಿದರು, ತುಂಬಾ ಹೊತ್ತು. ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ಬಂದ ದಾರಿಯಲ್ಲೇ ಹೊರಟುಹೋದರು.

ಅಣ್ಣ ತಲೆ ತಗ್ಗಿಸಿ ನಿಂತಿದ್ದ. ನಾನು ಆಗಲೂ ಬಾಯಿ ಬಿಡಲಿಲ್ಲ.