ಹಾಲಿಲ್ಲದ ಚಹಾ

ನಮ್ಮ ಮೇಷ್ಟ್ರ ಬಲ ಹೆಬ್ಬೆರಳಿನ ಗೆಣ್ಣು ಹಾಲು ಕರೆದೂ ಕರೆದೂ ಗಡುಸಾಗಿತ್ತು. ಚರ್ಚಾಸ್ಪರ್ಧೆಗೆ ತಯಾರಿ ಮಾಡಿಸುವಾಗ ಅದೇ ಗೆಣ್ಣಿನಿಂದ ಮೇಜು ಕುಟ್ಟುತ್ತಿದ್ದರು. ಒಂದು ಸಲ ಕುಟ್ಟಿದರೆ ‘ವಿಷಯಕ್ಕ ಬಾ’, ಎರಡು ಸಲ ಕುಟ್ಟಿದರೆ ‘ಪುರಾವಿ ಎಲ್ಲೈತಿ?’ ಕೊಟ್ಟೂರಿನ ಹೈಸ್ಕೂಲಿನಲ್ಲಿ ನನಗೆ ಬಾಯಿ ಬಂದದ್ದು ಅವರಿಂದ. ಹರಪನಹಳ್ಳಿಯ ವೇದಿಕೆಯಲ್ಲಿ ಎದುರಾಳಿಯ ವಾದವನ್ನು ಎಳೆಎಳೆಯಾಗಿ ಬಿಚ್ಚಿ ಬಂದಾಗ, “ಭೇಷ್! ಯಾರನ್ನೂ ನಂಬಬ್ಯಾಡ, ನನ್ನನ್ನೂ” ಎಂದಿದ್ದರು. ಕೊನೆಯದು ತಮಾಷೆ ಎಂದುಕೊಂಡಿದ್ದೆ.

ಅವರ ಮನೆಯಲ್ಲಿ ಒಂದು ಜರ್ಸಿ ಆಕಳಿತ್ತು. ನಮಗೂ ಪಕ್ಕದ ಮನೆಗೂ ಅದರದೇ ಹಾಲು. ತಯಾರಿ ನಡೆಯುತ್ತಿದ್ದದ್ದು ಅವರ ಪಡಸಾಲೆಯಲ್ಲಿ. ಅವರ ಹೆಂಡತಿ ನಮಗೆಲ್ಲ ಚಹಾ ಕೊಡುತ್ತಿದ್ದರು. ಕೆಲವು ದಿನ ಮಾತ್ರ ಹಾಲಿಲ್ಲದ ಚಹಾ, ನಿಂಬೆಹಣ್ಣು ಹಿಂಡಿದ್ದು. “ಹಾಲು ಗಂಟಲಾ ಕಟ್ಟತೈತಿ. ಮಾತಾಡೋರಿಗೆ ಇದ ಚಲೋ” ಎನ್ನುತ್ತ ಮೇಷ್ಟ್ರೂ ಅದನ್ನೇ ಹೀರುತ್ತಿದ್ದರು.

ಅಂಥ ದಿನಗಳಲ್ಲೇ ನಮ್ಮ ಮನೆಯ ಹಾಲು ಹೆಪ್ಪಾಗುತ್ತಿರಲಿಲ್ಲ. ಅವ್ವ ಗಡಿಗೆಗೆ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಹೆಪ್ಪು ಕೆಟ್ಟಿರಬೇಕೆಂದು ಬೇರೆ ಹೆಪ್ಪು ಕೇಳಲು ಪಕ್ಕದ ಮನೆಗೆ ಹೋದರೆ ಅಲ್ಲೂ ಅದೇ ಗೋಳು. ಒಮ್ಮೆ ಹೆಪ್ಪಾಗದ ಹಾಲನ್ನು ಚೆಲ್ಲಲು ಮನಸ್ಸಾಗದೆ ಬೆಲ್ಲ ಹಾಕಿ ಕುಡಿದಳು. ಸ್ವಲ್ಪ ಹೊತ್ತಿಗೆ ಮೈತುಂಬ ದದ್ದು ಎದ್ದವು, ತುಟಿ ಊದಿತು, ಉಸಿರಿಗೆ ಒದ್ದಾಡಿದಳು. ಹಿಂದೆ ಪೆನ್ಸಿಲಿನ್ ಸೂಜಿ ಹಾಕಿಸಿಕೊಂಡಾಗಲೂ ಹೀಗೇ ಆಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಹೇಗೋ ಉಳಿಸಿ, “ಮತ್ತ ಅದನ್ನ ತಗೊಂಡಿಯೇನಮ್ಮ?” ಎಂದು ಗದರಿದರು. ಅವಳು ಯಾವ ಸೂಜಿಯನ್ನೂ ಹಾಕಿಸಿಕೊಂಡಿರಲಿಲ್ಲ.

ಕುಡಿದದ್ದು ಆ ಹಾಲೊಂದೇ. ನಾನು ದನದ ಡಾಕ್ಟರ ಬಳಿ ಹೋದೆ. “ಮೇಷ್ಟ್ರ ಆಕಳಿಗೆ ಕೆಚ್ಚಲು ಬಾವು ಬಂದಾಗೆಲ್ಲ ಪೆನ್ಸಿಲಿನ್ ಕೊಡ್ತೀನಿ. ಔಷಧಿ ಹಾಲಿನ್ಯಾಗ ಇಳೀತೈತಿ, ಅದು ಹೆಪ್ಪೂ ಆಗಂಗಿಲ್ಲ. ನಾ ಹೇಳೂತನಕ ಹಾಲು ಚೆಲ್ರಿ ಅಂತ ಈ ಸಲಾನೂ ಹೇಳೀನಿ. ಯಾಕ, ಆ ಹಾಲು ಮಾರ್ಯಾರೇನು?” ಎಂದರು.

ಅಲ್ಲಿಂದ ನೇರ ಪಡಸಾಲೆಗೆ ಬಂದೆ.

“ಸರ್, ನಿಮ್ಮ ಹಾಲು ಕುಡದು ನಮ್ಮವ್ವ ಸಾಯ್ತಿದ್ಲು.”

ಗೆಣ್ಣು ಎರಡು ಸಲ ಕುಟ್ಟಿತು. “ನಿಮ್ಮವ್ವ ಇನ್ನೇನು ತಿಂದಿದ್ಲೋ. ನನ್ನ ಹಾಲಿನ್ಯಾಗ ಔಷಧಿ ಇತ್ತಂತ ಪುರಾವಿ ಎಲ್ಲೈತವಾ?”

“ಹಾಲು ಚಲೋ ಇದ್ದಿದ್ರ, ಆ ದಿನ ನೀವ್ಯಾಕ ಕುಡೀಲಿಲ್ರಿ?”

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ತಟ್ಟನೆ ಒಳಗೆ ಹೋದರು. ಮೇಷ್ಟ್ರು ಒಂದೇ ಸಲ ಕುಟ್ಟಿದರು. “ವಿಷಯಕ್ಕ ಬಾ.”

ಇನ್ಯಾವ ವಿಷಯವಿತ್ತು?

ಅವ್ವ ನನಗೇ ಬೈದಳು. “ಅವ್ರ ಹಾಲು ತಗೊಳ್ಳೂದು ಬಿಟ್ರ ಅವ್ರು ನಿನ್ನ ಸ್ಪರ್ಧಾಕ್ಕ ಕರ್ಕೊಂಡು ಹೋಗ್ತಾರೇನ? ಬಾಯಿ ಮುಚ್ಕೊಂಡು ಕಲಿ.” ಒಂದು ಲೋಟ ಹಾಲು ಚೆಲ್ಲಲಾರದವಳು ಅಂದಿನಿಂದ ದಿನವೂ ಹಾಲು ಕೊಂಡು ಬಚ್ಚಲಿಗೆ ಸುರಿದಳು. ಆ ವರ್ಷ ಹಡಗಲಿಯಲ್ಲಿ ನಾನು ಗೆದ್ದೆ. “ನನ್ನ ಹುಡುಗಿ” ಎಂದು ಮೇಷ್ಟ್ರು ಕಂಡಕಂಡವರಿಗೆಲ್ಲ ಹೇಳಿಕೊಂಡರು. ಸುಳ್ಳೇನಲ್ಲ. ಅವರನ್ನು ಹಿಡಿಯಲು ನನಗೆ ಕಲಿಸಿದವರೂ ಅವರೇ.

ಅವರು ತೀರಿಕೊಂಡ ಮೇಲೆ ಮಾತಾಡಿಸಿ ಬರಲು ಹೋದೆ. ಕಲಿತ ಋಣ, ಹೋಗದಿರಲಾಗಲಿಲ್ಲ. “ನಿನ್ನ ಭಾಳ ನೆನಸ್ತಿದ್ರವಾ” ಎಂದು ಅವರ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಚಹಾ ತಂದರು. ಮೇಲೆ ದಪ್ಪ ಕೆನೆ ಕಟ್ಟಿತ್ತು.

“ಹಾಲು ಬ್ಯಾಡ್ರಿ. ನಿಂಬಿಹಣ್ಣು ಹಿಂಡಿದ್ದು ಕೊಡ್ರಿ” ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಲೋಟ ಹಿಂದಕ್ಕೆ ತೆಗೆದುಕೊಂಡು ಒಳಗೆ ಹೋದವರು, ನಾನು ಎದ್ದು ಹೊರಡುವವರೆಗೂ ಹೊರಗೆ ಬರಲಿಲ್ಲ.