ಮೂರನೆಯ ಸಂಪುಟದಲ್ಲಿ ಹಾರಿದ ಡ್ರ್ಯಾಗನ್

ನಮ್ಮ ದೊಡ್ಡಮ್ಮನಿಗೆ ಲೈಬ್ರರಿಯಲ್ಲಿ ಬೈಂಡಿಂಗ್ ಕೆಲಸ. ಮೂವತ್ತೆರಡು ವರ್ಷ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಹಾಕಿದವಳು. ಊರಿನವರ ಬಾಯಲ್ಲಿ ಗೋಂದಮ್ಮ. ಕಳೆದ ವರ್ಷ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಸರಿಹೋದವು, ಮಾತೂ ಬಂತು, ಓದು ಮಾತ್ರ ಹೋಯಿತು. ಅಕ್ಷರಗಳ ಗುರುತು ಸಿಗುತ್ತಿತ್ತು, ಅವು ಕೂಡಿ ಪದವಾಗುತ್ತಿರಲಿಲ್ಲ. ಲೈಬ್ರರಿಯ ಸಾಹೇಬರು ಮನೆಗೆ ಬಂದು ಚಹಾ ಕುಡಿದು, "ಓದೋಕೇ ಬರಲ್ಲ ಅಂದ್ರೆ ಬೈಂಡಿಂಗ್ ಕೋಣೆ ಕೀಲಿ ಹೇಗಮ್ಮ ಕೊಡ್ಲಿ? ಮೂರು ತಿಂಗಳು ನೋಡ್ತೀನಿ" ಅಂದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಓದು ಕಲಿಸಲು ಬರುತ್ತಿದ್ದ ಥೆರಪಿಸ್ಟ್, ಹಿಂದೆ ಇಷ್ಟಪಟ್ಟು ಓದಿದ್ದನ್ನೇ ಮತ್ತೆ ಓದಿಸಿ ಎಂದರು. ದೊಡ್ಡಮ್ಮ ಹಿಂದೆಮುಂದೆ ನೋಡದೆ, "ಡ್ರ್ಯಾಗನ್ ಪುಸ್ತಕ ತಗೊಂಡ್ಬಾ" ಎಂದಳು. ಲೈಬ್ರರಿಯ ಐದು ಸಂಪುಟ, ಯಾವುದೋ ಭಾಷೆಯಿಂದ ಅನುವಾದವಾದದ್ದು. ಮಡಕೆ ಮಾಡುವ ಹುಡುಗಿಯೊಬ್ಬಳು ಮುದಿ ಡ್ರ್ಯಾಗನ್ ಬೆನ್ನೇರಿ ಅಣ್ಣನನ್ನು ಹುಡುಕುವ ಕಥೆ. ಅವಳು ಹರೆಯದಲ್ಲಿ ಓದಿ ಅರ್ಧ ಮರೆತಿದ್ದಳು, ನಾನು ಹನ್ನೆರಡನೇ ವಯಸ್ಸಿನಲ್ಲಿ ಅವಳ ಮೇಜಿನ ಕೆಳಗೆ ಕೂತು ಓದಿದ್ದೆ.

ಮೊದಲ ಸಂಪುಟಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಎರಡನೆಯದು ಮೂರೇ ವಾರ. ಮನೆಯಲ್ಲಿ ಎಲ್ಲರಿಗೂ ಜೀವ ಬಂದಿತ್ತು. ಮೂರನೆಯದರ ನಡುವೆ ದೊಡ್ಡಮ್ಮ ಪುಸ್ತಕ ಮುಚ್ಚಿಬಿಟ್ಟಳು.

"ಸತ್ತೋಯ್ತು ಅಂತ ಓದ್ದೆ. ಈಗ ನೋಡಿದ್ರೆ ಹಾರ್ತಿದೆ."

"ಡ್ರ್ಯಾಗನ್ ಅಲ್ವಾ ದೊಡ್ಡಮ್ಮ, ಸತ್ತು ಎದ್ದು ಬರುತ್ತೆ." ಈ ವಿಷಯಕ್ಕೆ ನಾನು ಶಾಲೆಯಲ್ಲಿ ಜಡೆ ಹಿಡಿದು ಜಗಳವಾಡಿದವಳು.

"ಹಾಗಾದ್ರೆ ಮುಂದೆ ಊರೋರೆಲ್ಲ ಯಾಕೆ ಅಳ್ತಾರೆ?"

"ಖುಷಿಗೆ."

ಅವಳು ನಂಬಲಿಲ್ಲ. ಥೆರಪಿಸ್ಟ್ ಮತ್ತೆ ಓದಿಸಿದರು, ಮತ್ತೆ ಅದೇ ಗೊಂದಲ. ಓದಿದ್ದು ಅರ್ಥವಾಗುತ್ತಿಲ್ಲ ಎಂದು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. "ನನ್ನ ತಲೆ ಕೆಟ್ಟಿದೆ, ಬಿಟ್ಬಿಡ್ರೇ" ಎಂದು ದೊಡ್ಡಮ್ಮ ಗೋಡೆಗೆ ಮುಖ ಮಾಡಿ ಮಲಗಿದಳು. ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಕೋಣೆ ಕೈತಪ್ಪಿದರೆ ಇವಳು ಉಳಿಯುವುದಿಲ್ಲ ಎನಿಸಿ ನಾನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೂರನೇ ದಿನ ಬೆಳಗ್ಗೆ ತಾನೇ ಪುಸ್ತಕ ಎತ್ತಿಕೊಂಡಳು. ಡ್ರ್ಯಾಗನ್ ಸಾಯುವ ಪುಟದ ಕೊನೆಯ ಸಾಲನ್ನು ನಾಲ್ಕು ಸಲ ಓದಿದಳು. ಆಮೇಲೆ ಓದುವುದನ್ನು ಬಿಟ್ಟು, ಹೆಬ್ಬೆರಳು ಒತ್ತಿ ಪುಟಗಳನ್ನು ಅಗಲಿಸಿ ಒಳಗಿನ ಹೊಲಿಗೆ ನೋಡಿದಳು.

"ಈ ಸಾಲಿಗೆ ಬಾಲ ಇಲ್ಲ ಕಣೇ." ಎಂಟು ಹಾಳೆ ಮಗುಚಿದಳು. "ಇಲ್ಲಿದೆ ನೋಡು ಬಾಲ."

ಪುಸ್ತಕವೆಂದರೆ ಹದಿನಾರು ಪುಟಗಳ ಕಂತೆಗಳನ್ನು ಒಂದರ ಹಿಂದೊಂದು ಜೋಡಿಸಿ ಹೊಲಿದದ್ದು. ಇದನ್ನು ಬೈಂಡ್ ಮಾಡುವಾಗ ಅವಳೇ ಎರಡು ಕಂತೆ ಅದಲುಬದಲು ಮಾಡಿದ್ದಳು. ಅಂಚು ಕತ್ತರಿಸುವಾಗ ಪುಟಸಂಖ್ಯೆಗಳನ್ನೂ ಹಾರಿಸಿದ್ದಳು. ಹಾಗಾಗಿ ಡ್ರ್ಯಾಗನ್ ಮೊದಲು ಸತ್ತು ಆಮೇಲೆ ಹಾರಿತು. ಇಪ್ಪತ್ತಾರು ವರ್ಷ ಊರಿಗೆ ಊರೇ ಹಾಗೇ ಓದಿತು. ಸಾಲು ಕೂಡದಿದ್ದರೆ ಅನುವಾದದ ಹಣೆಬರಹ, ಹೆಣ ಹಾರಿದರೆ ಡ್ರ್ಯಾಗನ್ ಮಹಿಮೆ.

"ತಪ್ಪು ನನ್ನ ತಲೇದಲ್ಲ, ನನ್ನ ಕೈದು" ಎಂದು ದೊಡ್ಡಮ್ಮ ಹಿಗ್ಗಿ ಹೀರೇಕಾಯಿಯಾದಳು. ತಾನು ಮಾಡಿದ ತಪ್ಪು ಸಿಕ್ಕಿತೆಂದು ಇಷ್ಟು ಸಂಭ್ರಮಪಟ್ಟವರನ್ನು ನಾನು ಕಂಡಿಲ್ಲ.

ಅಂದೇ ಲೈಬ್ರರಿಗೆ ಹೋದೆವು. ಸಾಹೇಬರು ಪುಸ್ತಕ ನೋಡಿ ನಕ್ಕರು. "ಇದಾ? ನಾನೂ ಓದಿದ್ದೀನಮ್ಮ. ಸತ್ತು ಬದುಕುತ್ತಲ್ಲ, ಅದೇ ಚೆಂದ."

ದೊಡ್ಡಮ್ಮ ಎದುರು ಕೂತು, ಸಾಯುವ ಸಾಲಿನಿಂದ ಅದರ ಬಾಲಕ್ಕೆ ಹಾರಿ ಗಟ್ಟಿಯಾಗಿ ಓದಿದಳು. ಮಧ್ಯೆ ಎರಡು ಕಡೆ ತಡವರಿಸಿದಳು, ನಿಲ್ಲಲಿಲ್ಲ. ಸಾಹೇಬರು ಇಂಗು ತಿಂದ ಮಂಗನ ಹಾಗೆ ಕೂತಿದ್ದರು.

"ಓದೋಕೆ ಬರೋರು ಎಷ್ಟೋ ಜನ ಓದಿದ್ರಿ. ಒಬ್ರೂ ಕೇಳ್ಲಿಲ್ಲ" ಎಂದಳು. "ಕೀಲಿ ಕೊಡಿ ಸಾರ್, ಬಿಚ್ಚಿ ಹೊಲೀಬೇಕು."

ಕೊಟ್ಟರು. ಕೊಡದೆ ಏನು ಮಾಡುತ್ತಾರೆ.

ಬೈಂಡಿಂಗ್ ಕೋಣೆಯಲ್ಲಿ ಅವಳು ಹಳೇ ದಾರ ಕತ್ತರಿಸಿ, ಕಂತೆಗಳನ್ನು ಸರಿಮಾಡಿ ಹೊಲಿದು, ನನ್ನನ್ನು ಕೂರಿಸಿಕೊಂಡು ಆ ಭಾಗ ಪೂರ್ತಿ ಓದಿದಳು. ಡ್ರ್ಯಾಗನ್ ಕೊನೆಯ ಸಲ ಹಾರಿ, ಸತ್ತು, ಸತ್ತೇ ಉಳಿಯಿತು. ಒಂದು ಸಾವಿಗೆ ನಾನು ಅಷ್ಟು ಸಂತೋಷಪಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ.