ಮೊದಲು ಎದ್ದ ಕೈ

ಅಥಣಿ ರಸ್ತೆಯ ನಮ್ಮ ಲೇಔಟಿಗೆ ಕೊನೆಗೂ ಒಂದು ಹಿಟ್ಟಿನ ಗಿರಣಿ ಬಂತು. ಹೋದ ತಿಂಗಳು ಜೋಳ ಬೀಸಿಸಿಕೊಂಡು ಬರುವಾಗ ಡಬ್ಬಿಯ ಮುಚ್ಚಳ ಸರಿದು, ಬಿಸಿ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಪ್ಯಾಕೆಟ್ ಹಿಟ್ಟಿಗೆ ಒಗ್ಗಿಹೋಗಿದ್ದ ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಬಿಸಿ ಹಿಟ್ಟು, ಕಾದ ಬೆಲ್ಟಿನ ರಬ್ಬರು, ಅದರ ಹಿಂದೆಯೇ ಬಟ್ಟೆ ಸೋಪಿನ ವಾಸನೆ... ಸೋಪು ಆ ಹೊಸ ಗಿರಣಿಯಲ್ಲಿ ಎಲ್ಲಿಂದ ಬರಬೇಕು? ಅದು ನನ್ನ ತಲೆಯೊಳಗಿನದು. ಅದು ಗಿರಣಿ ಕಾಕುವಿನದು.

ಸಿದ್ಧೇಶ್ವರ ಗುಡಿಯ ಹಿಂದಿನ ಗಲ್ಲಿಯಲ್ಲಿ ನಾವು ಬಾಡಿಗೆಗಿದ್ದಾಗ ಪಕ್ಕದ ಮನೆ ಕಾಕುವಿನದು, ಗಲ್ಲಿಗೆಲ್ಲ ಅವಳು ಚಿಕ್ಕಮ್ಮ. ಮುಂದೆ ಗಿರಣಿ, ಹಿಂದೆ ಸಂಸಾರ. ಗಂಡ ಬೇಗ ಹೋಗಿದ್ದ. ಇದ್ದದ್ದು ಒಬ್ಬನೇ ಮಗ, ಅವನ ಹೆಂಡತಿ. ಮಗ ನಮ್ಮ ಗಲ್ಲಿಯ ಫುಟ್‌ಬಾಲ್ ಕ್ಲಬ್ಬಿನ ಗೋಲ್‌ಕೀಪರ್. ವಿಜಯಪುರದಲ್ಲಿ ಎಂಥ ಫುಟ್‌ಬಾಲ್ ಎಂದು ನಗುವವರು ನಮ್ಮ ಗಲ್ಲಿ ನೋಡಿಲ್ಲ. ಅಲ್ಲಿ ಮದುವೆಯ ದಿನ ಗೊತ್ತು ಮಾಡುವ ಮೊದಲು ಮ್ಯಾಚ್ ಯಾವತ್ತು ಎಂದು ಕೇಳುತ್ತಿದ್ದರು. ತಂಡದ ಜರ್ಸಿಗಳನ್ನೆಲ್ಲ ಒಗೆಯುತ್ತಿದ್ದವಳು ಕಾಕು. ಅವಳಿಗೆ ಯಾರೂ ಹೇಳಿರಲಿಲ್ಲ, ಯಾರಿಗೂ ಅವಳು ಬಿಟ್ಟುಕೊಡುತ್ತಲೂ ಇರಲಿಲ್ಲ.

ಸೋಮವಾರ ಗಿರಣಿಯ ಮುಂದೆ ಹಿಟ್ಟಿಗೆ ಕಾಯುವವರ ಸಾಲೇ ನಮ್ಮ ನ್ಯಾಯಾಲಯ. ಹಿಂದಿನ ದಿನದ ಮ್ಯಾಚಿನ ವಿಚಾರಣೆ ಅಲ್ಲಿ ನಡೆಯುತ್ತಿತ್ತು. ಆಟಗಾರರಿಗೆ ಅಲ್ಲಿ ಮಾಫಿ ಇತ್ತು, ಕಮಿಟಿಗೆ ಇರಲಿಲ್ಲ. ಆಗಿನ ಅಧ್ಯಕ್ಷ ಕುರ್ಚಿಗೆ ಅಂಟಿಕೊಂಡು ವರ್ಷಗಳಾಗಿದ್ದವು. ಯಾರನ್ನು ಆಡಿಸಬೇಕು, ಯಾವ ಊರಿಗೆ ಹೋಗಬೇಕು ಎಲ್ಲ ಅವನ ಮನೆಯ ಮುಚ್ಚಿದ ಬಾಗಿಲ ಹಿಂದೆಯೇ ತೀರ್ಮಾನ. ಒಂದು ವರ್ಷ ತನ್ನ ಹುಟ್ಟುಹಬ್ಬಕ್ಕೆ ಹೊಸ ಜರ್ಸಿ ಹೊಲಿಸಿ, ಎಲ್ಲದರ ಬೆನ್ನ ಮೇಲೂ ತನ್ನ ಫೋಟೋ ಅಚ್ಚು ಹಾಕಿಸಿದ. ಹುಡುಗರು ಅವನ ಮೀಸೆ ಹೊತ್ತುಕೊಂಡು ಓಡಾಡಿದರು.

"ಇವನ ಮಾರಿ ತಿಕ್ಕಿ ತಿಕ್ಕಿ ನನ್ನ ಕೈ ಸವದಾವ ಬೇ, ಆದ್ರೂ ಹೊಲಸು ಹೋಗವಲ್ದು" ಎಂದು ಕಾಕು ಹೇಳಿದ್ದು ಸಂಜೆಯೊಳಗೆ ಗಲ್ಲಿಗೆಲ್ಲ ಹಬ್ಬಿತ್ತು.

ಆ ವರ್ಷದ ಕ್ಲಬ್ಬಿನ ಸಭೆಯಲ್ಲಿ ಅಧ್ಯಕ್ಷನನ್ನು ಇಳಿಸಿದ್ದು ಕಾಕುವೇ ಎನ್ನಬೇಕು. ಎದ್ದು ನಿಂತು, ಒಬ್ಬ ಬಸ್ ಕಂಡಕ್ಟರನ ಕಡೆ ಕೈ ಮಾಡಿ, ಇವನನ್ನು ಕೂರಿಸಿ ಎಂದಳು. ಮೆತ್ತಗಿನ ಮನುಷ್ಯ, ಆದರೆ ಪ್ರಾಮಾಣಿಕ. ಒಂದು ಕರಾರನ್ನೂ ಹಾಕಿದಳು. ಇನ್ನು ಮುಂದೆ ಕಮಿಟಿ ಏನೇ ಮಾಡಲಿ, ಅಭಿಮಾನಿಗಳನ್ನು ಕೂರಿಸಿಕೊಂಡು, ಎಲ್ಲರ ಮುಂದೆ ಕೈ ಎತ್ತಿಸಿಯೇ ಮಾಡಬೇಕು. ಜನ ಚಪ್ಪಾಳೆ ತಟ್ಟಿದರು. ನಾನೂ ಅಂಗೈ ಕೆಂಪಾಗುವಂತೆ ತಟ್ಟಿದೆ. ಆ ಕರಾರು ಅವಳ ಮನೆಗೇ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು...

ಮರುವರ್ಷ ಬಬಲೇಶ್ವರದ ಪಂದ್ಯಾವಳಿ ಬಂತು. ಅಷ್ಟು ಹೊತ್ತಿಗೆ ಕಾಕುವಿನ ಮಗನ ಮೊಣಕಾಲಿಗೆ ಪೆಟ್ಟಾಗಿತ್ತು. ವಾಸಿಯಾಗಿದೆ ಎಂದು ಅವನು ಹೇಳುತ್ತಿದ್ದ, ಆಗಿರಲಿಲ್ಲ. ಎಡಕ್ಕೆ ಹಾರುವಾಗ ಒಂದು ಕ್ಷಣ ತಡವಾಗುತ್ತಿತ್ತು. ಅದನ್ನು ಎಲ್ಲರಿಗಿಂತ ಮೊದಲು ನೋಡಿದವಳು ಅವಳೇ. ಗೋಲಿನ ಹಿಂದೆ ನಿಂತು "ಎಡಕ್ಕ ಬೀಳಲೇ!" ಎಂದು ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದಳು. ಗೋಲಿನಲ್ಲಿ ನಿಲ್ಲಿಸಲು ಕಮಿಟಿಗೆ ಮಿರಜದ ಒಬ್ಬ ಹುಡುಗ ಸಿಕ್ಕಿದ್ದ. ಹಳೆಯ ಅಧ್ಯಕ್ಷನಾಗಿದ್ದರೆ ಗುಟ್ಟಾಗಿ ಕರೆಸಿ ನಿಲ್ಲಿಸಿಬಿಡುತ್ತಿದ್ದ, ತಾಯಿ ಮಗ ಇಬ್ಬರೂ ಸೇರಿ ಅವನನ್ನು ಬೈದುಕೊಂಡು ಹಾಯಾಗಿರುತ್ತಿದ್ದರು. ಕಂಡಕ್ಟರು ಕರಾರಿನ ಪ್ರಕಾರ ಸಭೆ ಕರೆದ.

ಆಟಗಾರರಿಗೆ ಕೈ ಎತ್ತುವ ಹಕ್ಕಿರಲಿಲ್ಲ. ಮಗ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಕಂಡಕ್ಟರು ನೆಲ ನೋಡುತ್ತ, "ಮಿರಜದ ಹುಡುಗನ್ನ ತರೋಣು ಅನ್ನಾವ್ರು ಕೈ ಎತ್ರಿ" ಎಂದ. ಒಂದು ಕೈಯೂ ಏಳಲಿಲ್ಲ. ಎಲ್ಲರೂ ಕಾಕುವನ್ನೇ ನೋಡುತ್ತಿದ್ದರು. ಅವಳು ಸುಮ್ಮನೆ ಕೂತಿದ್ದರೆ ಸಾಕಿತ್ತು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಪಕ್ಕದಲ್ಲಿದ್ದ ನಾನು ಅವಳ ಸೆರಗು ಹಿಡಿದು ಜಗ್ಗಿದೆ. ಕಾಕು ಹಿಟ್ಟಾದ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಕೈ ಎತ್ತಿದಳು. ಅದಾದ ಮೇಲೆ ಎಲ್ಲ ಕೈಗಳೂ ಎದ್ದವು.

ನಾನು ತಿರುಗಿ ನೋಡುವಷ್ಟರಲ್ಲಿ ಮಗ ಹೊರಟುಹೋಗಿದ್ದ. ಮನೆಗೆ ಬರುವಾಗ, ಯಾಕೆ ಹೀಗೆ ಮಾಡಿದಿ ಎಂದು ಸಿಟ್ಟಿನಿಂದಲೇ ಕೇಳಿದೆ.

"ಮನ್ಯಾಗ ಅವ ನನ್ನ ಮಗ. ಮೈದಾನದಾಗ ಗೋಲ್‌ಕೀಪರ್. ಮಂದಿ ಮಕ್ಕಳಿಗೊಂದು ನ್ಯಾಯ, ನನ್ನ ಮಗಗೊಂದು ನ್ಯಾಯ ಅಂದ್ರ ಹೆಂಗ ತಂಗಿ?" ಎಂದಳು. ಅವಳ ಧ್ವನಿ ಗಟ್ಟಿಯಾಗಿಯೇ ಇತ್ತು. ಆ ರಾತ್ರಿ ಅವರ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಬಬಲೇಶ್ವರದಲ್ಲಿ ಫೈನಲ್‌ವರೆಗೆ ಹೋಗಿ ಸೋತೆವು. ಮಿರಜದ ಹುಡುಗನ ತಪ್ಪೇನಿರಲಿಲ್ಲ, ನಮ್ಮವರು ಮುಂದೆ ಗೋಲು ಹೊಡೆಯಲಿಲ್ಲ, ಅಷ್ಟೇ. ಆದರೆ ವಾಪಸ್ಸು ಬರುವ ಜೀಪಿನಲ್ಲೇ ಶುರುವಾಯಿತು. ಮನೆಯ ಹುಡುಗನನ್ನು ಬಿಟ್ಟು ಹೊರಗಿನವನನ್ನು ತಂದನಂತೆ ಕಂಡಕ್ಟರು! ವಾಟ್ಸ್ಯಾಪ್ ಗ್ರೂಪಿನಲ್ಲಿ ಅವನ ಮಾನ ಮೂರು ಕಾಸಿಗೆ ಹರಾಜಾಯಿತು. ಎತ್ತಿದ ಕೈಗಳೆಲ್ಲ ಎಲ್ಲಿ ಹೋದವೋ, ಯಾರನ್ನು ಕೇಳಿದರೂ ನಾವು ಎತ್ತೇ ಇಲ್ಲ ಎನ್ನುವವರೇ. ಜನರ ಈ ಬುದ್ಧಿಗೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಸೋಮವಾರ ಸಾಲು ತುಂಬಿದ್ದಾಗ ಕಾಕು ಗಿರಣಿ ಬಂದ್ ಮಾಡಿ ಬಾಗಿಲಿಗೆ ಬಂದು ನಿಂತಳು. "ನಾ ಎತ್ತೇನಿ. ಎಲ್ಲಾರಕಿಂತ ಮೊದಲ ಎತ್ತೇನಿ. ಅವನ್ನ ಬೈಬ್ಯಾಡ್ರಿ, ನನ್ನ ಬೈರಿ. ನಾಳೆ ಕೇಳಿದ್ರೂ ಮತ್ತ ಎತ್ತತೇನಿ" ಎಂದಳು. ಯಾರೂ ಬೈಯಲಿಲ್ಲ. ಒಳಗಿನಿಂದ ಮಗ ಬಂದ.

"ಒಮ್ಮೆ ಎತ್ತಿದಿ, ತಡಕೊಂಡೆ. ಈಗ ಓಣಿ ಮಂದಿ ಮುಂದ ಮತ್ತ ಯಾಕ ಸಾರಾಕತ್ತಿ ಬೇ?"

ಅಷ್ಟೇ ಅವನು ಹೇಳಿದ್ದು. ವಾರದೊಳಗೆ ಹೆಂಡತಿಯನ್ನು ಕರೆದುಕೊಂಡು ಅವಳ ತವರು ತಿಕೋಟಕ್ಕೆ ಹೋದ, ಅಲ್ಲಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ. ತಿಕೋಟ ಎಷ್ಟು ದೂರ? ಬಸ್ಸಿನಲ್ಲಿ ಕೂತು ಒಂದು ಸಣ್ಣ ನಿದ್ದೆ ತೆಗೆಯುವುದರೊಳಗೆ ಬರುತ್ತದೆ. ಆ ಬಸ್ಸು ಹತ್ತಿ ಅವನು ತಾಯಿಯ ಮನೆಗೆ ಬರಲಿಲ್ಲ. ದೂರದ ಊರಾಗಿದ್ದರೆ ಕಾಕುವಿಗೆ ಒಂದು ನೆಪವಾದರೂ ಇರುತ್ತಿತ್ತು.

ಕಂಡಕ್ಟರು ರಾಜೀನಾಮೆ ಕೊಟ್ಟ. ಹಳೆಯ ಅಧ್ಯಕ್ಷ ಮೆರವಣಿಗೆಯಲ್ಲಿ ವಾಪಸ್ಸು ಬಂದ, ಹೊಸ ಜರ್ಸಿಯಲ್ಲಿ ಅವನ ಮೀಸೆಯೂ ಬಂತು. ಕಾಕು ಒಗೆಯುವುದನ್ನು ನಿಲ್ಲಿಸಲಿಲ್ಲ. ಅವನ ಮುಖ ಕಾಣದಂತೆ ಒಳಗೆ ಹೊರಗೆ ಮಾಡಿ ತಿಕ್ಕುತ್ತಿದ್ದಳು. ಮ್ಯಾಚಿಗೂ ಬರುತ್ತಿದ್ದಳು, ಆದರೆ ಗೋಲಿನ ಹಿಂದೆ ನಿಲ್ಲುತ್ತಿರಲಿಲ್ಲ.

ಎಷ್ಟೋ ದಿನಗಳ ಮೇಲೆ, ಮಗ ತಿಕೋಟದ ಹುಡುಗರ ತಂಡ ಕಟ್ಟಿದ್ದಾನೆ, ಅದರ ಜವಾಬ್ದಾರಿಯೆಲ್ಲ ಅವನದೇ ಎಂದು ಸುದ್ದಿ ಬಂತು. ಒಂದು ಭಾನುವಾರ ಕಾಕು ನನ್ನನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿದಳು. ಬಟ್ಟೆಯಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದಳು. ಮೈದಾನದ ಈಚೆ ತುದಿಯಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ನಿಂತಳು. ಮಗ ನೋಡಿದ. ನೋಡಿದ್ದು ನನಗೆ ಖಾತ್ರಿ. ಮತ್ತೆ ಆಟದ ಕಡೆ ತಿರುಗಿದ. ಮ್ಯಾಚ್ ಮುಗಿದ ಮೇಲೂ ಸ್ವಲ್ಪ ಹೊತ್ತು ನಿಂತೆವು...

ಬಸ್ಸಿನಲ್ಲಿ ಗಂಟು ಬಿಚ್ಚಿ, "ತಿನ್ನು, ಒಣಗತಾವ" ಎಂದು ನನಗೊಂದು ಹೋಳಿಗೆ ಕೊಟ್ಟಳು. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು: "ಗೋಲಿನಾಗ ಛಲೋ ಹುಡುಗನ್ನ ನಿಂದರಸ್ಯಾನ. ಗಿಡ್ಡ ಅದಾನ, ಆದ್ರ ಕಣ್ಣ ಚುರುಕ ಅದಾವ. ಆರಸಾಕ ಬರತೈತಿ ನನ್ನ ಮಗಗ." ಗಂಟನ್ನು ಮತ್ತೆ ಕಟ್ಟುತ್ತ, "ಅವಂಗ ಹೇಳಬ್ಯಾಡ ಮತ್ತ. ಪುಸಲಾಯಿಸಾಕ ಬಂದಿದ್ಲು ಅನಕೋತಾನ" ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮುಂದಿನ ಚಳಿಗಾಲ ನೋಡಲಿಲ್ಲ ಅವಳು. ಗಿರಣಿಯಲ್ಲೇ ಕುಸಿದಳು. ಮಗ ಬಂದು ಎಲ್ಲ ಕಾರ್ಯ ಮಾಡಿದ, ಯಾರ ಹತ್ತಿರವೂ ಮಾತಾಡದೆ ಕೀಲಿ ಹಾಕಿಕೊಂಡು ಹೋದ. ನಾವೂ ಅಥಣಿ ರಸ್ತೆಗೆ ಬಂದೆವು.

ಹೊಸ ಗಿರಣಿಯಿಂದ ಹಿಟ್ಟು ತಂದ ಮೇಲೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಎರಡು ದಿನ ಬಿಟ್ಟು ಗುಡಿಯ ನೆಪ ಮಾಡಿಕೊಂಡು ಹಳೆಯ ಗಲ್ಲಿಗೆ ಹೋದೆ. ಕಾಕುವಿನ ಬಾಗಿಲು ತೆರೆದಿತ್ತು. ಮಗ ಯಂತ್ರ ಮಾರಲು ಬಂದಿದ್ದ, ಕೊಳ್ಳುವವರ ದಾರಿ ಕಾಯುತ್ತಿದ್ದ. ತಲೆ ನರೆತಿತ್ತು. ನನ್ನನ್ನು ನೋಡಿ ಒಂದು ಡಬ್ಬಿ ಬೋರಲು ಹಾಕಿ ಕೂರಲು ಕೊಟ್ಟ. ನಾನೇನೂ ಕೇಳಲಿಲ್ಲ, ಅವನೇ ಶುರು ಮಾಡಿದ.

"ಅವತ್ತ ನನಗ ಹಕ್ಕ ಇದ್ದಿದ್ರ ನಾನೂ ಕೈ ಎತ್ತತಿದ್ದೆ ಅಕ್ಕಾ. ನನ್ನ ಮೊಣಕಾಲು ನನಗ ಗೊತ್ತಿದ್ದಿಲ್ಲೇನು? ಅಕಿ ಎತ್ತಿದ್ದು ತಪ್ಪಲ್ಲ. ಆದ್ರ ಎಲ್ಲಾರೂ ಎತ್ತಿದ ಮ್ಯಾಲ, ಕಡೀಕ ಎತ್ತಬೇಕಾಗಿತ್ತು."

ಈ ಮಾತನ್ನು ಕಾಕುವಿನ ಮುಂದೆ ಆಡಿದ್ದರೆ ಅವಳು ಒಪ್ಪುತ್ತಿದ್ದಳು. ನ್ಯಾಯದ ಮಾತು ಎಂದರೆ ಅವಳು ಯಾವಾಗಲೂ ಒಪ್ಪುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಕೊಟ್ಟ ಮಾತು ಮುರಿದು, ಬಸ್ಸಿನಲ್ಲಿ ಅವಳು ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ.

ಅವನು ಯಂತ್ರದ ಬೆಲ್ಟನ್ನು ಅಂಗೈಯಿಂದ ಒರೆಸಿದ. ಆಮೇಲೆ, "ಆ ಗಿಡ್ಡ ಹುಡುಗನ್ನ ನಿಂದರಿಸಿದ್ದಕ್ಕ ತಿಕೋಟದಾಗ ಎಲ್ಲಾರೂ ನನ್ನ ಬೈದ್ರು ಅಕ್ಕಾ. ಛಲೋ ಮಾಡಿದಿ ಅಂತ ಒಬ್ಬರೂ ಅನಲಿಲ್ಲ... ಅವ್ವ ಅಂದ್ಲಾ?" ಎಂದು ಕೇಳಿದ.

ಹೌದು ಎಂದೆ.

"ಖರೇನ ಅಂದ್ಲಾ?"

ಹೌದಪ್ಪಾ ಎಂದೆ. ಯಂತ್ರ ಒಯ್ಯುವವರು ಬಂದು ಹೊರಗೆ ಕೂಗುತ್ತಿದ್ದರು, ಅವನು ಏಳಲಿಲ್ಲ.